ಮೂರು ಪ್ರಶ್ನೆಯೊಳಗ ಮೀನಿನ ಗುರ್ತು: ಕಲ್ಯಾಣದ ದೊರೆಯಿಂದ ನಮ್ಮ ಕೃಷಿ ಹೊಂಡದ ತನಕ

ಈ ಸಲ ಬೆಳೆ ಬಿಟ್ಟು ಮೀನಿನ ಬಗ್ಗೆ ಬರೀತೇನಿ. ಬರಹ ಸ್ವಲ್ಪ ಉದ್ದ ಅದ, ರಾತ್ರಿ ಊಟ ಆದ ಮ್ಯಾಲೆ ಸಾವಕಾಶ ಓದ್ರಿ.

ನಮ್ಮ ಧಾರವಾಡ ಸೀಮೆಯೊಳಗ ಮೀನು ತಿನ್ನವರೂ ಅದಾರ, ಮುಟ್ಟದವರೂ ಅದಾರ. ಇಬ್ಬರಿಗೂ ಇದು ಬೇಕಾದ ವಿಷಯ. ಯಾಕಂದ್ರ 2014ರಾಗ ಕೃಷಿ ಭಾಗ್ಯ ಯೋಜನೆ ಬಂದ ಮ್ಯಾಲೆ ನಮ್ಮ ಕಡೆ ಊರೂರಿಗೆ ಕೃಷಿ ಹೊಂಡ ಆದವು. ನೀರು ನಿಂತಲ್ಲಿ ನಾಕು ಮೀನು ಬಿಡೋಣ ಅಂತ ಮನಸ್ಸಿಗೆ ಬರೋದು ಸಹಜ. ತಿನ್ನದ ಮನೆಯವರೂ ಮಾರಾಟಕ್ಕಂತ ಮರಿ ಬಿಡ್ತಾರ. ಆದ್ರ ಬಿಟ್ಟದ್ದು ಯಾವ ಮೀನು ಅಂತ ಕೇಳ್ರಿ. "ಯಾವುದೋ ಮೀನ್ರಿ, ಚೀಲದಾಗ ತಂದು ಕೊಟ್ಟು ಹೋದ್ರು" ಅಂತಾರ.

ಹತ್ತಿ ಬೀಜ ತರಾಕ ಹೋದ್ರ ನಾವು ಪಾಕೀಟು ತಿರುವಿ ಮುರುವಿ ನೋಡ್ತೇವಿ. ಎತ್ತು ಕೊಳ್ಳುವಾಗ ಹಲ್ಲು ಎಣಿಸ್ತೇವಿ, ಸುಳಿ ನೋಡ್ತೇವಿ. ಮೀನಿನ ವಿಷಯದಾಗ ಮಾತ್ರ ಕಣ್ಣು ಮುಚ್ಚಿ ರೊಕ್ಕ ಕೊಡ್ತೇವಿ. ಈ ಗುರ್ತು ಹಿಡಿಯೋ ವಿದ್ಯೆ ನಮ್ಮ ನಾಡಿಗೆ ಹೊಸದೇನಲ್ಲ. ಸುಮಾರು 900 ವರ್ಷದ ಹಿಂದೆ ಕನ್ನಡ ನಾಡಿನ ದೊರೆಯೊಬ್ಬ ಅದನ್ನ ಪುಸ್ತಕದಾಗ ಬರೆದಿಟ್ಟಾನ. ಅಲ್ಲಿಂದ ಶುರು ಮಾಡೋಣ.

*ಕಲ್ಯಾಣದ ದೊರೆಯ ಮೀನಿನ ಪಟ್ಟಿ*

ಇವತ್ತಿನ ಬಸವಕಲ್ಯಾಣ ಅಂದ್ರ ಆಗಿನ ಕಲ್ಯಾಣ. ಅಲ್ಲಿ ಚಾಲುಕ್ಯರು ಆಳ್ತಿದ್ದರು. ದೊಡ್ಡ ಅರಸ ಆರನೇ ವಿಕ್ರಮಾದಿತ್ಯನ ಮಗ ಮೂರನೇ ಸೋಮೇಶ್ವರ. ಇವನು ಆಳಿದ್ದು 1126ರಿಂದ 1138ರ ತನಕ. ನಮ್ಮ ಅಣ್ಣಿಗೇರಿ ಅಮೃತೇಶ್ವರ ಗುಡಿ, ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ ಎರಡೂ ಇದೇ ಕಲ್ಯಾಣ ಚಾಲುಕ್ಯರ ಕಾಲದವು. ಅಂದ್ರ ಇದು ದೂರದ ಯಾವುದೋ ರಾಜನ ಕಥೆ ಅಲ್ಲ, ನಮ್ಮ ನೆಲ ಅವನ ರಾಜ್ಯದೊಳಗ ಇತ್ತು.

ಸೋಮೇಶ್ವರ ಕತ್ತಿಗಿಂತ ಲೇಖನಿಗೆ ಹೆಸರಾದವನು. ಸರ್ವಜ್ಞ ಭೂಪ ಅಂತ ಅವನಿಗೆ ಬಿರುದು. ತ್ರಿಪದಿಯ ಸರ್ವಜ್ಞ ಬ್ಯಾರೆ, ಇವ ಬ್ಯಾರೆ. ಇವನು ಸಂಸ್ಕೃತದಾಗ ಬರೆದ ಪುಸ್ತಕ 'ಮಾನಸೋಲ್ಲಾಸ'. 'ಅಭಿಲಷಿತಾರ್ಥ ಚಿಂತಾಮಣಿ' ಅಂತಲೂ ಕರೀತಾರ. ಐದು ಭಾಗ, ಒಂದೊಂದು ಭಾಗದಾಗ 20 ಅಧ್ಯಾಯ, ಒಟ್ಟು 100. ರಾಜ್ಯ ಆಳೋದು, ಆನೆ ಹಿಡಿಯೋದು, ಕುದುರೆ, ರತ್ನ, ಔಷಧ, ಸಂಗೀತ, ಊಟ, ಆಟ ಎಲ್ಲಾ ಬಂದಾವ.

ಅದರಾಗ ಎರಡು ಕಡೆ ಮೀನು ಬರ್ತದ. ಊಟದ ಅಧ್ಯಾಯ 'ಅನ್ನಭೋಗ'ದಾಗ ಮೀನಿನ ಅಡಿಗೆ. ವಿನೋದದ ಭಾಗದಾಗ 'ಮತ್ಸ್ಯವಿನೋದ' ಅಂತ ಒಂದು ಅಧ್ಯಾಯ, ಗಾಳ ಹಾಕಿ ಮೀನು ಹಿಡಿಯೋದರ ಬಗ್ಗೆ. ಅಲ್ಲಿ ದೊರೆ ಸುಮಾರು 35 ತರದ ಮೀನಿನ ಹೆಸರು ಹೇಳ್ತಾನ. ಬರೇ ಹೆಸರಲ್ಲ. ಯಾವುದು ಸಮುದ್ರದ್ದು, ಯಾವುದು ಹೊಳೆಯದು, ಯಾವುದಕ್ಕ ಮೈಮ್ಯಾಲೆ ಹುರುಪೆ ಅದ, ಯಾವುದಕ್ಕ ಬರೇ ಚರ್ಮ, ಯಾವುದು ದೊಡ್ಡದು, ಯಾವುದು ಸಣ್ಣದು ಅಂತ ಬಿಡಿಸಿ ಹೇಳ್ತಾನ. ಯಾವ ಮೀನಿಗೆ ಯಾವ ತಿನಿಸು ಹಾಕಿ ಸಾಕಬೇಕು ಅನ್ನೋದನ್ನೂ ಹೇಳ್ತಾನ. ಎಳ್ಳಿನ ಹಿಟ್ಟು, ಹುರಿದ ಕಡ್ಲಿ ಹಿಟ್ಟು, ಅನ್ನ ಇವನ್ನ ಉಂಡೆ ಕಟ್ಟಿ ಹಾಕೋ ಮಾತು ಬರ್ತದ. ನಾವು ಈಗ ಹೊಂಡದ ಮೀನಿಗೆ ಅಕ್ಕಿ ತೌಡು, ಶೇಂಗಾ ಹಿಂಡಿ ಕಲಸಿ ಹಾಕ್ತೇವಲ್ಲ, ವಿಚಾರ ಅದೇ. ಶೇಂಗಾ ಆಗ ನಮ್ಮಲ್ಲಿ ಇರಲಿಲ್ಲ, ಎಳ್ಳು ಇತ್ತು, ಅಷ್ಟೇ ವ್ಯತ್ಯಾಸ.

ಈ ಅಧ್ಯಾಯ ಬಹಳ ವರ್ಷ ಸಂಸ್ಕೃತ ಪಂಡಿತರ ಕೈಯಾಗೇ ಇತ್ತು. 1951ರಾಗ ಸುಂದರ್ ಲಾಲ್ ಹೋರಾ ಅನ್ನೋ ಮೀನಿನ ವಿಜ್ಞಾನಿ ಅದರ ಮ್ಯಾಲೆ ಬರೆದು, ಹಳೇ ಹೆಸರಿಗೂ ಇವತ್ತಿನ ಮೀನಿಗೂ ತಾಳೆ ಹಾಕಾಕ ನೋಡಿದರು. ಮುಂದೆ 2005ರಾಗ ನಳಿನಿ ಸಾಧಲೆ, ವೈ.ಎಲ್. ನೆನೆ ಇಬ್ಬರೂ ಸೇರಿ ಮತ್ತೊಮ್ಮೆ ಬಿಡಿಸಿ ಬರೆದರು.

ನನಗ ಇಲ್ಲಿ ಒಂದು ವಿಚಾರ ಬರ್ತದ. ಅರಮನೆಯಾಗ ಕೂತ ದೊರೆಗೆ 35 ಮೀನಿನ ಹೆಸರು, ಅವು ತಿನ್ನೋದು, ಇರೋ ಜಾಗ ಎಲ್ಲಾ ಹೆಂಗ ಗೊತ್ತಾತು? ಬಲೆ ಬೀಸವರನ್ನ ಕೇಳದ ಗೊತ್ತಾಗೋದು ಸಾಧ್ಯ ಇಲ್ಲ. ಪಟ್ಟಿಯೊಳಗಿನ ಎಷ್ಟೋ ಹೆಸರು ಪಂಡಿತರ ಸಂಸ್ಕೃತದ ಹಂಗ ಕೇಳೋದಿಲ್ಲ, ಆಡುಮಾತಿನ ವಾಸನೆ ಹೊಡೀತದ. ಅದೇ ಶತಮಾನದಾಗ ತುಂಗಭದ್ರೆಯ ದಂಡೆ ಮ್ಯಾಲೆ ಅಂಬಿಗರ ಚೌಡಯ್ಯ ಇದ್ದ. ಈಗಿನ ಹಾವೇರಿ ಜಿಲ್ಲೆಯ ಚೌಡಯ್ಯದಾನಪುರ ಅವನ ಹೆಸರಿನ ಊರು. ಅಂಥ ಅಂಬಿಗರು, ಬೆಸ್ತರು ಹೊಳೆ ಓದಿದವರು. ದೊರೆ ಬರೆದ, ವಿದ್ಯೆ ಅವರದು ಅಂತ ನನ್ನ ತಿಳುವಳಿಕೆ.

*ಮೂರು ಪ್ರಶ್ನೆ*

ಸೋಮೇಶ್ವರನ ಪಟ್ಟಿ ಪೂರಾ ನೆನಪಿಡೋದು ಬ್ಯಾಡ. ಅವನು ವಿಂಗಡಿಸಿದ ರೀತಿ ನೆನಪಿಟ್ಟರ ಸಾಕು. ಮೂರೇ ಪ್ರಶ್ನೆ:

1. ಉಪ್ಪು ನೀರಿನದೋ, ಸಿಹಿ ನೀರಿನದೋ?
2. ಹುರುಪೆ ಅದನೋ ಇಲ್ಲೋ?
3. ದೊಡ್ಡದೋ, ಸಣ್ಣದೋ?

ಈ ಮೂರಕ್ಕ ಉತ್ತರ ಸಿಕ್ಕರ ಮೀನಿನ ಅರ್ಧ ಜಾತಕ ಸಿಕ್ಕಂಗ. ಅಷ್ಟೇ ಅಲ್ಲ, ಹೆಂಗ ಹಸನ ಮಾಡಬೇಕು, ಹೆಂಗ ಬೇಯಿಸಬೇಕು ಅನ್ನೋದೂ ಇದರಾಗೇ ಅದ. ಹುರುಪೆ ಇದ್ದದ್ದನ್ನ ಹೆರೀಬೇಕು, ಇಲ್ಲದ್ದನ್ನ ತಿಕ್ಕಬೇಕು. ದೊಡ್ಡದನ್ನ ಹೋಳು ಮಾಡಬೇಕು, ಸಣ್ಣದನ್ನ ಇಡಿಯಾಗಿ ಕರೀಬೇಕು. ಸಮುದ್ರದ್ದಕ್ಕ ಒಂದು ಮಸಾಲೆ, ಹೊಳೆಯದಕ್ಕ ಇನ್ನೊಂದು.

ಹುರುಪೆಯ ಲೆಕ್ಕ ಸೋಮೇಶ್ವರನಿಗಿಂತ ಹಳೇದು. ಮನುಸ್ಮೃತಿಯೊಳಗ ತಿನ್ನಬಹುದಾದ ಮೀನು ಹೇಳುವಾಗ ಹುರುಪೆ ಇರೋ ಮೀನು ಅಂತ ಬರ್ತದ. ಪಾಠೀನ, ರೋಹಿತ ಅಂತ ಎರಡು ಮೀನಿನ ಹೆಸರೂ ಅದರಾಗ ಅದಾವ. ಆ ಎರಡೂ ಹೆಸರು ಸೋಮೇಶ್ವರನ ಪಟ್ಟಿಯಾಗೂ ಅದಾವ. ದೂರದ ಯಹೂದಿ ಜನರ ಧರ್ಮದಾಗೂ ರೆಕ್ಕೆ ಮತ್ತ ಹುರುಪೆ ಎರಡೂ ಇದ್ದ ಮೀನು ಮಾತ್ರ ತಿನ್ನಬೇಕು ಅಂತ ಕಟ್ಟಳೆ ಅದ. ಒಬ್ಬರನ್ನೊಬ್ಬರು ನೋಡದ ಜನ ಒಂದೇ ಗುರ್ತು ಹಿಡಿದಾರ, ಯಾಕಂದ್ರ ಮೀನು ಕೈಗೆ ಬಂದ ಕೂಡಲೇ ಬೆರಳಿಗೆ ತಾಗೋದು ಅದೇ.

ರೋಹಿತ ಅಂದ್ರ ಈಗಿನ ರೋಹು ಅಂತ ವಿದ್ವಾಂಸರು ಹೇಳ್ತಾರ. ಪಾಠೀನ ಅಂದ್ರ ನಮ್ಮ ಬಾಳೆ ಮೀನು. ಅಮರಕೋಶದಾಗ ಪಾಠೀನಕ್ಕ ಸಾವಿರ ಹಲ್ಲಿನದು ಅನ್ನೋ ಅರ್ಥದ ಹೆಸರು ಅದ. ಬಾಳೆ ಮೀನಿನ ಬಾಯಿ ತೆರೆದು ನೋಡಿದವರಿಗೆ ಆ ಹೆಸರು ಯಾಕ ಬಂತು ಅಂತ ಹೇಳೋದೇ ಬ್ಯಾಡ.

*ಮೆಣಸಿನಕಾಯಿ ಇಲ್ಲದ ಕಾಲದ ಮೀನಿನ ಸಾರು*

ಈಗ ಅಡಿಗೆಗೆ ಬರ್ತೇನಿ. ನಮ್ಮ ಕಡೆ ಮೀನಿನ ಸಾರು ಅಂದ್ರ ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಬೇಕ ಬೇಕು. ಸೋಮೇಶ್ವರನ ಅಡಿಗೆಮನೆಯಾಗ ಮೆಣಸಿನಕಾಯಿ ಇರಲಿಲ್ಲ. ಅದು ಅಮೆರಿಕ ಖಂಡದ ಗಿಡ. ಪೋರ್ಚುಗೀಸರು 1498ರಾಗ ಹಡಗಿನ ಮ್ಯಾಲೆ ನಮ್ಮ ದಂಡೆಗೆ ಬಂದರು, ಅದಾದ ಮ್ಯಾಲೆ ಮೆಣಸಿನಕಾಯಿ ಬಂತು. ಟೊಮ್ಯಾಟೊ, ಶೇಂಗಾ ಕೂಡ ಅದೇ ಖಂಡದವು. ನಮ್ಮ ಭಾಷೆಯಾಗೇ ಸಾಕ್ಷಿ ಅದ ನೋಡ್ರಿ. ಮೊದಲು ಇದ್ದದ್ದು ಮೆಣಸು, ಅಂದ್ರ ಕಾಳು ಮೆಣಸು. ಆಮ್ಯಾಲೆ ಬಂದದ್ದಕ್ಕ ಮೆಣಸಿನ ಕಾಯಿ ಅಂದರು.

ಆಗಿನ ಖಾರ ಕಾಳು ಮೆಣಸು, ಶುಂಠಿಯದು. ವಾಸನೆಗೆ ಇಂಗು. ಹುಳಿಗೆ ಹುಣಸೆ. ಸೋಮೇಶ್ವರ ಮೀನು ಹಸನ ಮಾಡೋ ಕ್ರಮ ಹೇಳ್ತಾನ. ಹುರುಪೆ, ಒಳಗಿನ ಕಸ ತೆಗೀಬೇಕು, ಎಣ್ಣೆ ಉಪ್ಪು ಸವರಬೇಕು, ಅರಿಶಿಣದ ನೀರಿನಾಗ ತೊಳೀಬೇಕು, ಆಗ ಕವುಚು ವಾಸನೆ ಹೋಗ್ತದ. ಇವತ್ತಿಗೂ ನಮ್ಮ ಹೆಣ್ಮಕ್ಕಳು ಉಪ್ಪು ಅರಿಶಿಣ ಹಚ್ಚಿಟ್ಟು ತೊಳೀತಾರ. ಅವರು ಮಾನಸೋಲ್ಲಾಸ ಓದಿಲ್ಲ. ಅತ್ತೆ ಸೊಸೆಗೆ, ತಾಯಿ ಮಗಳಿಗೆ ಹೇಳ್ತಾ ಬಂದದ್ದು ಅದು.

ಬಾಯಿಂದ ಬಾಯಿಗೆ ಅಂತ ಯಾಕ ಹೇಳಿದೆ ಅಂದ್ರ, ಕನ್ನಡದಾಗ ಹಳೇ ಅಡಿಗೆ ಪುಸ್ತಕ ಅದಾವ, ಆದ್ರ ಅವು ಸಸ್ಯಾಹಾರದವು. ಸೋಮೇಶ್ವರನಿಗಿಂತ ನೂರು ವರ್ಷ ಮೊದಲು, ಸುಮಾರು 1025ರಾಗ ಇಮ್ಮಡಿ ಚಾವುಂಡರಾಯ 'ಲೋಕೋಪಕಾರ' ಬರೆದ. ಅದರಾಗ ಬೇಸಾಯ, ಗಿಡ, ನೀರು ಹುಡುಕೋದು ಎಲ್ಲಾ ಅದ, ಅಡಿಗೆಯೂ ಅದ. ರೈತರು ಓದಬೇಕಾದ ಪುಸ್ತಕ ಅದು. 16ನೇ ಶತಮಾನದ ಶುರುವಿನಾಗ ಮೂರನೇ ಮಂಗರಸ 'ಸೂಪಶಾಸ್ತ್ರ' ಬರೆದ. ಅಡಿಗೆಗಂತಲೇ ಬರೆದ ಪುಸ್ತಕ. ಎರಡರಾಗೂ ಮೀನಿನ ಅಡಿಗೆ ಇಲ್ಲ. ಹಿಂಗಾಗಿ ಕನ್ನಡ ಜನರ ಮೀನಿನ ಅಡಿಗೆ ಪುಸ್ತಕಕ್ಕ ಏರಲಿಲ್ಲ, ಒಲೆ ಮುಂದೇ ಉಳೀತು. ಒಲೆ ಮುಂದಿನ ವಿದ್ಯೆಗೆ ಒಂದು ತೊಂದರೆ ಅದ. ಒಂದು ತಲೆಮಾರು ಕೇಳದೇ ಹೋದ್ರ ಅಲ್ಲಿಗೇ ಮುಗೀತು.

*ಹೊಳೆಗೆ ಇಳಿದ ಸಾಹೇಬರು*

ಸೋಮೇಶ್ವರ ಆದ ಮ್ಯಾಲೆ ಏಳುನೂರು ವರ್ಷ ದಾಟಿ ಮುಂದಿನ ದಾಖಲೆಗೆ ಬರೋಣ. ಕರ್ನಲ್ ಸೈಕ್ಸ್ ಅಂತ ಒಬ್ಬ ಇಂಗ್ಲಿಷ್ ಅಧಿಕಾರಿ ಮುಂಬೈ ಸರ್ಕಾರದ ಕೆಲಸದ ಮ್ಯಾಲೆ ದಖ್ಖನ್ ಸೀಮೆ ತಿರುಗಿದ. ಭೀಮಾ ನದಿ ಕಡೆಯ ಮೀನು ಹಿಡಿಸಿ, ಚಿತ್ರ ಬರೆಸಿ, 1839ರ ಸುಮಾರಿಗೆ ಲಂಡನ್ನಿನಾಗ ಪ್ರಕಟ ಮಾಡಿದ. ಭೀಮೆ ಬಂದು ಸೇರೋದು ಕೃಷ್ಣೆಗೆ, ನಮ್ಮ ಮಲಪ್ರಭೆ ಸೇರೋದೂ ಕೃಷ್ಣೆಗೆ. ಹಿಂಗಾಗಿ ಅವನು ಬರೆದ ಮೀನು ಬಹಳಷ್ಟು ನಮ್ಮವೂ ಹೌದು.

ಈ ಸೈಕ್ಸ್ ಒಂದು ಒಳ್ಳೆ ಕೆಲಸ ಮಾಡಿದ. ವಿಜ್ಞಾನದ ಹೆಸರು ಇಡುವಾಗ ಎಷ್ಟೋ ಕಡೆ ಅಲ್ಲಿನ ಮೀನುಗಾರರು ಕರೆಯೋ ಹೆಸರನ್ನೇ ಇಟ್ಟ. 'ಲೇಬಿಯೊ ಪೊಟೈಲ್', 'ಲೇಬಿಯೊ ಬೊಗ್ಗುಟ್', 'ಟಾರ್ ಖುದ್ರೀ', 'ಸ್ಪೆರಾಟಾ ಸೀಂಗಾಲಾ' ಅಂತ ಇವತ್ತಿಗೂ ಜಗತ್ತಿನ ವಿಜ್ಞಾನಿಗಳು ಕರೀತಾರಲ್ಲ, ಅವುಗಳ ಎರಡನೇ ಶಬ್ದ ನಮ್ಮ ದಖ್ಖನ್ನಿನ ಮೀನುಗಾರರ ಬಾಯಿಂದ ಬಂದದ್ದು. ಬಲೆ ಬೀಸವನ ಮಾತು ಹಂಗ ಉಳಕೊಂಡದ.

ಟಾರ್ ಖುದ್ರೀ ಅಂದ್ರ ಮಹಶೀರ್. ಶೃಂಗೇರಿಯ ತುಂಗೆಯಾಗ, ದಕ್ಷಿಣ ಕನ್ನಡದ ಶಿಶಿಲದಾಗ ಗುಡಿ ಮುಂದೆ ಜನ ದೇವರ ಮೀನು ಅಂತ ಮಂಡಕ್ಕಿ ಹಾಕ್ತಾರಲ್ಲ, ಆ ಮಹಶೀರ್ ಜಾತಿಯದು. ಗುಡಿ ಮುಂದೆ ಹಿಡಿಯೋ ಹಂಗಿಲ್ಲ ಅನ್ನೋ ಕಟ್ಟಳೆಯಿಂದ ಅಲ್ಲಿ ಉಳಿದಾವ.

ಸೈಕ್ಸ್ ಆದ ಮ್ಯಾಲೆ ಫ್ರಾನ್ಸಿಸ್ ಡೇ ಅನ್ನೋ ಸೈನ್ಯದ ವೈದ್ಯ ಇಡೀ ದೇಶದ ಮೀನು ಬರೆದ. ಅವನ 'ದಿ ಫಿಶಸ್ ಆಫ್ ಇಂಡಿಯಾ' 1875ರಿಂದ 1878ರೊಳಗ ಬಂತು. ಬ್ಯಾರೆ ಭಾಷೆಗಳ ಜತೆ ಕನ್ನಡದ ಹೆಸರುಗಳನ್ನೂ ಅವನು ಕೊಟ್ಟಾನ. ಕನ್ನಡದ ಹಳೇ ಹೆಸರಿನಾಗ ಮೈಮ್ಯಾಲೆ ಚುಕ್ಕೆ ಇರೋ ದೊಡ್ಡ ಮರಲು ಮೀನಿಗೆ 'ಹೂವಿನ ಮುರ್ಲು' ಅಂತ ಅದ. ಎಷ್ಟು ಛಂದ ಹೆಸರು ನೋಡ್ರಿ. ಈಗ ಹುಬ್ಬಳ್ಳಿ ಮಾರ್ಕೆಟ್ಟಿನಾಗ ಎಷ್ಟು ಮಂದಿ ಹಂಗ ಕರೀತಾರ?

*ಹೊರಗಿಂದ ಬಂದ ಮೀನು*

ಈಗ ಕೆರೆ, ಹೊಂಡದಾಗ ಸಿಗೋ ಮೀನು ನೋಡಿದ್ರ ಬಹಳಷ್ಟು ನಮ್ಮ ಹೊಳೆಯವಲ್ಲ. ಕಾಟ್ಲಾ, ರೋಹು, ಮೃಗಾಲ್ ಮೂಲತಃ ಗಂಗಾ ಸೀಮೆಯವು. ಸಾಮಾನ್ಯ ಗೆಂಡೆ, ಅಂದ್ರ ಕಾಮನ್ ಕಾರ್ಪ್, 1939ರಾಗ ದೇಶಕ್ಕ ಬಂತು. ಜಿಲೇಬಿ ಅಂತ ಕರೆಯೋ ತಿಲಾಪಿಯಾ 1952ರಾಗ ಬಂತು, ಅದರ ಮೂಲ ಆಫ್ರಿಕಾ. ಹುಲ್ಲುಗೆಂಡೆ, ಬೆಳ್ಳಿಗೆಂಡೆ 1959ರಾಗ ಬಂದವು.

ಗಂಗೆಯ ಮೀನು ನಮ್ಮ ಹೊಂಡಕ್ಕ ಬರಾಕ ಒಂದು ಕಾರಣ ಅದ. ರೋಹು, ಕಾಟ್ಲಾ ಹರಿಯೋ ಹೊಳೆಯಾಗ ಮಳೆಗಾಲದಾಗ ಮೊಟ್ಟೆ ಇಡ್ತಾವ, ನಿಂತ ನೀರಿನಾಗ ಇಡೋದಿಲ್ಲ. ಹಿಂಗಾಗಿ ಮೊದಲು ಮರಿ ಬೇಕಂದ್ರ ಹೊಳೆಯಾಗೇ ಹಿಡೀಬೇಕಿತ್ತು. 1957ರ ಜುಲೈ 10ರಂದು ಒಡಿಶಾದಾಗ ಹೀರಾಲಾಲ್ ಚೌಧುರಿ ಮತ್ತ ಸಂಗಡಿಗರು ಮೀನಿನ ತಲೆಯೊಳಗಿನ ಒಂದು ಗ್ರಂಥಿಯ ರಸ ಚುಚ್ಚಿ ಗೆಂಡೆ ಮೀನಿನಿಂದ ಮರಿ ಮಾಡಿಸಿದರು. ಅದಕ್ಕ ಜುಲೈ 10ನ್ನ ಮೀನು ಕೃಷಿಕರ ದಿನ ಅಂತ ಆಚರಿಸ್ತಾರ. ಅಂದಿನಿಂದ ಮರಿ ಬೇಕಾದಷ್ಟು ಸಿಗಾಕ ಹತ್ತಿತು, ಕೆರೆಕೆರೆಗೆ ಹೋತು. ಒಳ್ಳೇದೇ ಆತು. ಆದ್ರ ಮರಿ ಸಿಕ್ಕ ಮೀನು ಉಳೀತು, ಮರಿ ಸಿಗದ ನಮ್ಮ ಹಳ್ಳದ ಮೀನು ಕಣ್ಣಿಂದ ದೂರ ಆತು. ಕಣ್ಣಿಂದ ದೂರ ಆದದ್ದರ ಹೆಸರೂ ಬಾಯಿಂದ ಹೋತು.

*ಈಗ ಗುರ್ತು ಹಿಡಿಯೋದು, ಅಡಿಗೆ ಮಾಡೋದು*

ದೊರೆಯ ಮೂರು ಪ್ರಶ್ನೆ ಇಟ್ಟುಕೊಂಡೇ ನಮ್ಮ ಕಡೆ ಸಿಗೋ ಮೀನು ನೋಡೋಣ.

ಮೊದಲು ಸಿಹಿ ನೀರಿನ, ಹುರುಪೆ ಇರೋ, ದೊಡ್ಡ ಮೀನು.

ಕಾಟ್ಲಾ: ತಲೆ ಬಹಳ ದೊಡ್ಡದು, ಬಾಯಿ ಮ್ಯಾಲಕ್ಕ ತಿರುಗಿರ್ತದ, ಮೀಸೆ ಇಲ್ಲ. ಮ್ಯಾಲಿನ ನೀರಿನಾಗ ಮೇಯ್ತದ, ಅದಕ್ಕ ಬಾಯಿ ಮ್ಯಾಲಕ್ಕ. ತಲೆಯ ಸಾರು ರುಚಿ.

ರೋಹು: ತಲೆ ಸಣ್ಣದು, ತುಟಿ ದಪ್ಪ, ಕೆಳತುಟಿಗೆ ಜಾಲರಿ ಇದ್ದಂಗ ಇರ್ತದ, ರೆಕ್ಕೆಗೆ ಸ್ವಲ್ಪ ಕೆಂಪು. ನಡುವಿನ ನೀರಿನದು.

ಮೃಗಾಲ್: ಮೈ ಉದ್ದ, ಬೆಳ್ಳಿ ಬಣ್ಣ, ಮೂತಿ ಮೊಂಡು, ಬಾಯಿ ಕೆಳಗ. ತಳದಾಗ ಮೇಯ್ತದ. ಮೂರೂ ಬ್ಯಾರೆ ಬ್ಯಾರೆ ಎತ್ತರದಾಗ ಮೇಯ್ತಾವ, ಅದಕ್ಕೇ ಒಂದೇ ಹೊಂಡದಾಗ ಮೂರೂ ಬಿಡ್ತಾರ. ನಾವು ಜೋಳದಾಗ ತೊಗರಿ ಸಾಲು ಹಾಕಿದಂಗ.

ಸಾಮಾನ್ಯ ಗೆಂಡೆ: ಬಾಯಿ ಹತ್ರ ಎರಡು ಜೋಡಿ ಸಣ್ಣ ಮೀಸೆ. ಬೆನ್ನಿನ ರೆಕ್ಕೆ ಉದ್ದ, ಅದರ ಮುಂದೆ ಗರಗಸದ ಹಲ್ಲಿನಂಥ ಒಂದು ಗಟ್ಟಿ ಮುಳ್ಳು. ಈ ಮುಳ್ಳು ಮುಟ್ಟಿ ನೋಡಿದ್ರ ಕಾಟ್ಲಾ ಅಂತ ಯಾರೂ ಮಾರಾಕ ಆಗೋದಿಲ್ಲ. ತಳದ ಕೆಸರು ಕೆದರೋ ಮೀನು, ಅದಕ್ಕ ಕೆಲವೊಮ್ಮೆ ಮಣ್ಣಿನ ವಾಸನೆ ಬರ್ತದ.

ಈ ಗೆಂಡೆ ಜಾತಿಗೆಲ್ಲಾ ಮಾಂಸದೊಳಗ ಕವಲು ಕವಲಾದ ಸಣ್ಣ ಮುಳ್ಳು ಇರ್ತಾವ. ಮಕ್ಕಳಿಗೆ ಕೊಡುವಾಗ ಹುಷಾರು. ಹೋಳು ಮಾಡುವಾಗ ಮೈಮ್ಯಾಲೆ ಒತ್ತೊತ್ತಾಗಿ ಗೀರು ಹಾಕಿ ಹುರಿದ್ರ ಸಣ್ಣ ಮುಳ್ಳು ಗರಿಗರಿಯಾಗಿ ಹೋಗ್ತಾವ. ಸಾರಿಗೆ ಹಾಕೋದಾದ್ರ ದಪ್ಪ ಹೋಳು ಮಾಡ್ರಿ. ಉಪ್ಪು, ಅರಿಶಿಣ, ಸ್ವಲ್ಪ ಹುಣಸೆ ರಸ ಸವರಿ ಅರ್ಧ ತಾಸು ಇಡ್ರಿ, ಮಣ್ಣಿನ ವಾಸನೆ ಇಳೀತದ. ಮಸಾಲೆಗೆ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಒಣ ಕೊಬ್ಬರಿ ಸುಟ್ಟು, ಕೊತ್ತಂಬರಿ ಬೀಜ, ಬ್ಯಾಡಗಿ ಮೆಣಸಿನಕಾಯಿ ಹುರಿದು ಅರೀರಿ. ಹುಣಸೆ ಹುಳಿ ಕುದ್ದ ಮ್ಯಾಲೆ ಮೀನು ಹಾಕಬೇಕು. ಹಾಕಿದ ಮ್ಯಾಲೆ ಸೌಟು ಆಡಿಸಬಾರದು, ಗಡಿಗೆ ಹಿಡಿದು ಅಲುಗಿಸಬೇಕು. ಜೋಳದ ರೊಟ್ಟಿಗೆ ಇದಕ್ಕಿಂತ ಜೋಡಿ ಇಲ್ಲ.

ಮರಲು, ಕೊರವ, ಕುಚ್ಚು ಅಂತ ಕರೆಯೋದು: ಹಾವಿನಂಥ ತಲೆ, ಉರುಟು ಮೈ. ಮ್ಯಾಲೆ ಬಂದು ಗಾಳಿ ಕುಡೀತದ, ಹಿಂಗಾಗಿ ಬೇಸಿಗೆಯ ಕೆಸರಿನಾಗೂ ಜೀವ ಹಿಡೀತದ. ಸಣ್ಣ ಮುಳ್ಳು ಇಲ್ಲ. ಬಾಣಂತಿಗೆ, ಜಡ್ಡಿನಿಂದ ಎದ್ದವರಿಗೆ ಇದರ ಸಾರು ಕೊಡೋ ರೂಢಿ ಅದ. ಖಾರ ಕಡಿಮೆ ಮಾಡಿ ಕಾಳು ಮೆಣಸು, ಬೆಳ್ಳುಳ್ಳಿ, ಶುಂಠಿ ಹಾಕಿ ತಿಳಿ ಸಾರು ಮಾಡ್ರಿ. ಇದು ಸೋಮೇಶ್ವರನ ಕಾಲದ ಮಸಾಲೆಗೆ ಬಹಳ ಹತ್ತಿರ.

ಇನ್ನ ಸಿಹಿ ನೀರಿನ, ಹುರುಪೆ ಇಲ್ಲದ ಮೀನು.

ಬಾಳೆ ಮೀನು: ಅಗಲ ಬಾಯಿ, ತುಂಬ ಹಲ್ಲು, ಚಪ್ಪಟೆ ಉದ್ದ ಮೈ, ಹೊಟ್ಟೆ ಕೆಳಗಿನ ರೆಕ್ಕೆ ಬಾಲದ ತನಕ. ಕೊಬ್ಬು ಹೆಚ್ಚು, ಎಣ್ಣೆ ಕಡಿಮೆ ಹಾಕ್ರಿ. ಬ್ಯಾರೆ ಮೀನು ನುಂಗ್ತದ, ಹೊಂಡದಾಗ ಮರಿ ಜತೆ ಇದನ್ನ ಬಿಡಬ್ಯಾಡ್ರಿ. ಗಿರ್ಲು: ಸಣ್ಣದು, ಉದ್ದ ಮೀಸೆ, ರೆಕ್ಕೆಗೆ ಮುಳ್ಳು. ಚೇಳು ಮೀನು: ಕಪ್ಪು ಕೆಂಪು ಮೈ, ಎದೆಯ ರೆಕ್ಕೆಯ ಮುಳ್ಳು ಚುಚ್ಚಿದ್ರ ಚೇಳು ಕಡಿದಂಗ ಉರೀತದ. ಹೆಸರೇ ಎಚ್ಚರಿಕೆ ಕೊಡ್ತದ ನೋಡ್ರಿ.

ಇವಕ್ಕೆಲ್ಲಾ ಮೈಮ್ಯಾಲೆ ಲೋಳೆ ಇರ್ತದ. ಒಲೆ ಬೂದಿ ಅಥವಾ ಕಲ್ಲುಪ್ಪು ಹಚ್ಚಿ ಗಸಗಸ ತಿಕ್ಕಿ ತೊಳೀಬೇಕು. ಮೊದಲು ಮುಳ್ಳು ಕತ್ತರಿಸಿ ಆಮ್ಯಾಲೆ ಕೈ ಹಾಕ್ರಿ. ಲೋಳೆ ಮೀನಿಗೆ ಹುಳಿ ಸ್ವಲ್ಪ ಮುಂದಿರಲಿ.

ಸಣ್ಣ ಮೀನು: ಹಳ್ಳದಾಗ ಮಳೆಗಾಲಕ್ಕ ಏರೋ ಪಕ್ಕೆ ಮೀನು, ಸಣ್ಣ ಬೆಳ್ಳಿ ಮೀನು. ಇವನ್ನ ಹೋಳು ಮಾಡೋ ಮಾತೇ ಇಲ್ಲ. ಹೊಟ್ಟೆ ಹಿಂಡಿ ಕಸ ತೆಗೆದು, ಉಪ್ಪು ಖಾರ ಅರಿಶಿಣ ಕಲಸಿ, ಜೋಳದ ಹಿಟ್ಟು ಉದುರಿಸಿ, ಹಂಚಿನ ಮ್ಯಾಲೆ ಗರಿಗರಿ ಆಗೋ ತನಕ ಹುರೀಬೇಕು. ಮುಳ್ಳು ಸಮೇತ ತಿನ್ನೋದು, ಎಲುಬಿಗೆ ಒಳ್ಳೇದು.

ಕೊನೆಗೆ ಉಪ್ಪು ನೀರಿನ ಮೀನು. ನಮ್ಮ ಧಾರವಾಡ ಕೂತ ಜಾಗ ವಿಚಿತ್ರ. ಧಾರವಾಡದ ಸೋಮೇಶ್ವರ ಗುಡಿ ಹತ್ರ ಹುಟ್ಟೋ ಶಾಲ್ಮಲೆ ಬೇಡ್ತಿಗೆ ಕೂಡಿ, ಗಂಗಾವಳಿ ಅಂತ ಹೆಸರು ಬದಲಿಸಿ ಅಂಕೋಲಾ ಕಡೆ ಅರಬ್ಬಿ ಸಮುದ್ರ ಸೇರ್ತದ. ಬೆಣ್ಣಿಹಳ್ಳ, ತುಪ್ಪರಿಹಳ್ಳದ ನೀರು ಮಲಪ್ರಭೆಗೆ, ಕೃಷ್ಣೆಗೆ ಹೋಗಿ ಬಂಗಾಳ ಕೊಲ್ಲಿ ಸೇರ್ತದ. ಒಂದೇ ಜಿಲ್ಲೆಯ ಮಳೆ ಎರಡು ಸಮುದ್ರಕ್ಕ. ಇಳಿಯೋದು ನೀರು, ಏರೋದು ಮೀನು. ಕಾರವಾರ, ಅಂಕೋಲಾದ ಮೀನು ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ ಬರ್ತದ. 19ನೇ ಶತಮಾನದಾಗ ನಮ್ಮ ಹತ್ತಿ ಚಕ್ಕಡಿ ಏರಿ ಕುಮಟಾ ಬಂದರಕ್ಕ ಹೋಗ್ತಿತ್ತು. ಘಟ್ಟದ ದಾರಿ ನಮಗ ಹೊಸದಲ್ಲ.

ಬಂಗಡೆ: ಬೆನ್ನು ಹಸಿರು ನೀಲಿ, ಪಟ್ಟೆ ಇರ್ತಾವ, ಮೈ ಗುಂಡಗ. ಕರಾವಳಿಯವರು ಹಸಿ ಕೊಬ್ಬರಿ, ಮೆಣಸಿನಕಾಯಿ ಅರೆದು ತಿರಫಳ ಜಜ್ಜಿ ಹಾಕ್ತಾರ. ಹುಳಿಗೆ ಹುಣಸೆ ಇಲ್ಲಾ ಮುರುಗಲ ಸಿಪ್ಪೆ. ತಾರ್ಲಿ: ಸಣ್ಣದು, ಎಣ್ಣೆ ಹೆಚ್ಚು, ಅಗ್ಗ. ಇಸವಾಣ: ದೊಡ್ಡದು, ಹುರುಪೆ ಇಲ್ಲದಂಗೇ ಕಾಣ್ತದ, ನಡುವೆ ಒಂದೇ ಎಲುಬು, ಬಿಲ್ಲೆ ಕೊಯ್ದು ರವಾ ಹಚ್ಚಿ ಹುರಿಯೋದು. ಮುಳ್ಳಿಗೆ ಅಂಜೋರು ಇದನ್ನ ತಗೊಳ್ರಿ. ಸಂತೆಯಾಗ ಸಿಗೋ ಒಣ ಮೀನನ್ನ ಮೊದಲು ಹಂಚಿನ ಮ್ಯಾಲೆ ಸುಟ್ಟು, ಬಿಸಿನೀರಿನಾಗ ತೊಳೆದು, ಬದನೆಕಾಯಿ ಜತೆ ಹುಳಿ ಮಾಡ್ರಿ. ಉಪ್ಪು ಕೊನೆಗೆ ರುಚಿ ನೋಡಿ ಹಾಕಬೇಕು.

ಗಣೇಶಪೇಟೆ ಮಾರ್ಕೆಟ್ಟಿರಲಿ, ಊರ ಸಂತೆಯಿರಲಿ, ತಾಜಾ ಮೀನಿನ ಗುರ್ತು ಒಂದೇ: ಕಣ್ಣು ಉಬ್ಬಿ ಹೊಳೀಬೇಕು, ಕಿವಿರು ಎತ್ತಿದ್ರ ಕೆಂಪು ಕಾಣಬೇಕು, ಬೆರಳಿಂದ ಒತ್ತಿದ ತಗ್ಗು ಕೂಡಲೇ ಮ್ಯಾಲೆ ಬರಬೇಕು. ಕಣ್ಣು ಒಳಗ ಹೋಗಿದ್ರ, ಕಿವಿರು ಕಂದಿದ್ರ ಬಿಟ್ಟು ಬರ್ರಿ, ಎಷ್ಟೇ ಅಗ್ಗ ಇದ್ರೂ.

*ಹೆಸರು ಗೊತ್ತಿಲ್ಲದಿದ್ರ ಏನಾಗ್ತದ*

ಇಷ್ಟೆಲ್ಲಾ ಯಾಕ ಬರೆದೆ ಅಂದ್ರ, ಇದು ಬರೇ ನಾಲಿಗೆ ರುಚಿಯ ಮಾತಲ್ಲ. ಆಫ್ರಿಕಾದ ಒಂದು ಮೀಸೆ ಮೀನು ಅದ, ಆಫ್ರಿಕನ್ ಕ್ಯಾಟ್‌ಫಿಶ್. ಅದನ್ನ ಸಾಕೋದನ್ನ ಕೇಂದ್ರ ಸರ್ಕಾರ 2000ದಾಗ ನಿಷೇಧ ಮಾಡೇದ. ಯಾಕಂದ್ರ ಅದು ಏನು ಸಿಕ್ಕರೂ ತಿಂತದ, ಕೊಳಚೆಯಾಗೂ ಬದುಕ್ತದ, ಹೊಳೆಗೆ ಇಳಿದ್ರ ನಮ್ಮ ಮೀನಿನ ಮರಿ ಉಳಿಸೋದಿಲ್ಲ. ಆದ್ರೂ ಕದ್ದು ಮುಚ್ಚಿ ಮರಿ ಮಾರೋದು ನಿಂತಿಲ್ಲ. ನಮ್ಮದೇ ಹಳೇ ಆನೆ ಮೀನಿಗೂ ಇದಕ್ಕೂ ಮರಿ ಇದ್ದಾಗ ವ್ಯತ್ಯಾಸ ಕಾಣೋದು ಕಷ್ಟ. "ನಾಕೈದು ತಿಂಗಳಿಗೆ ಕಿಲೋ ಬರ್ತದ, ಏನು ಹಾಕಿದ್ರೂ ತಿಂತದ, ಕೋಳಿ ಕಸ ಹಾಕಿದ್ರೂ ನಡೀತದ" ಅಂತ ಹೇಳಿ ಮೀಸೆ ಇರೋ ಹುರುಪೆ ಇಲ್ಲದ ಮರಿ ಯಾರಾದ್ರೂ ತಂದ್ರ ಅಲ್ಲೇ ಅನುಮಾನ ಮಾಡ್ರಿ. ಮರಿ ಬೇಕಂದ್ರ ಮೀನುಗಾರಿಕೆ ಇಲಾಖೆಯ ಮರಿ ಕೇಂದ್ರದಿಂದ ತರ್ರಿ, ರಸೀದಿ ಮ್ಯಾಲೆ ಮೀನಿನ ಹೆಸರು ಬರೆಸ್ರಿ.

ಹೊಂಡ ನನ್ನದು, ಮೀನು ನನ್ನದು, ಯಾರಿಗೇನು ಅನ್ನಬ್ಯಾಡ್ರಿ. 2019ರ ಆಗಸ್ಟ್‌ದಾಗ ಮಲಪ್ರಭೆ, ಬೆಣ್ಣಿಹಳ್ಳ ಹೆಂಗ ಉಕ್ಕಿದವು ಎಲ್ಲರೂ ಕಂಡೇವಿ. ಹಂಥ ದಿನ ಹೊಂಡದ ಬದು ಯಾವುದು, ಹಳ್ಳದ ದಂಡೆ ಯಾವುದು? ಹೊಂಡದಾಗ ಇದ್ದದ್ದೆಲ್ಲಾ ಹಳ್ಳಕ್ಕ ಹೋಗ್ತದ. ಹಳ್ಳದಿಂದ ಹೊಳೆಗೆ. ಒಬ್ಬನ ಹೊಂಡದ ಮೀನು ಮರುದಿನ ಊರಿನ ಮೀನು ಆಗ್ತದ.

ಸೋಮೇಶ್ವರನ ರಾಜ್ಯ ಹೋತು, ಕಲ್ಯಾಣದ ಅರಮನೆ ಹೋತು. ಅವನು ಬರೆಸಿದ 35 ಹೆಸರಿನಾಗ ಎಷ್ಟೋ ಹೆಸರಿಗೆ ಇವತ್ತು ಇದೇ ಮೀನು ಅಂತ ಬೆರಳು ಮಾಡಿ ತೋರಿಸಾಕ ಆಗೋದಿಲ್ಲ. ಪುಸ್ತಕದಾಗ ಅಕ್ಷರ ಉಳೀತು, ಹೊಳೆ ದಂಡೆ ಮ್ಯಾಲೆ ಕರೆಯೋ ಬಾಯಿ ಹೋತು. ನಮ್ಮ ಹಳ್ಳದ ಮೀನಿಗೂ ಹಂಗ ಆಗಬಾರದು ಅನ್ನೋದು ನನ್ನ ಕಳಕಳಿ. ಜೋಳದ ತಳಿ ಕಳಕೊಂಡ ಮ್ಯಾಲೆ ಬೀಜ ಹುಡುಕ್ಕೊಂಡು ಊರೂರು ತಿರುಗೋದು ಎಷ್ಟು ಕಷ್ಟ ಅನ್ನೋದು ನಮಗ ಗೊತ್ತದ. ಮೀನಿಗೂ ಅದೇ ಮಾತು.

ಅದಕ್ಕ ಒಂದು ಕೆಲಸ ಮಾಡೋಣ. ನವಲಗುಂದ, ಕುಂದಗೋಳ ಕಡೆಯವರು, ಕಲಘಟಗಿ, ಅಳ್ನಾವರ ಕಡೆಯವರು, ನಿಮ್ಮ ಊರಿನಾಗ ಬಲೆ ಹಾಕೋ ಹಿರಿಯರು ಇದ್ರ ಅವರ ಹತ್ರ ಹೋಗಿ ಕೂಡ್ರಿ. ನಿಮ್ಮ ಹಳ್ಳದಾಗ, ಕೆರೆಯಾಗ ಮೊದಲು ಯಾವ ಮೀನು ಸಿಗ್ತಿದ್ದವು, ಏನಂತ ಕರೀತಿದ್ದರು, ಹುರುಪೆ ಇತ್ತೋ ಇಲ್ಲೋ, ಹೆಂಗ ಬೇಯಿಸ್ತಿದ್ದರು ಅಂತ ಕೇಳಿ ಇಲ್ಲಿ ಬರೀರಿ. ಮೀನು ಸಿಕ್ಕರ ಫೋಟೋ ಹಾಕ್ರಿ, ಪಕ್ಕಕ್ಕ ಒಂದು ಬೆಂಕಿಪೊಟ್ಟಣ ಇಟ್ಟು ತೆಗೀರಿ, ಅಳತೆ ತಿಳೀತದ. ಎಲ್ಲಾ ಹೆಸರು ಒಂದು ಕಡೆ ಸೇರಿಸಿ ತಾಲೂಕುವಾರು ಪಟ್ಟಿ ಮಾಡಿ ಇಲ್ಲೇ ಹಾಕ್ತೇನಿ. ದೊರೆಗೆ 35 ಸಿಕ್ಕವು, ನಮಗ ಎಷ್ಟು ಸಿಗ್ತಾವ ನೋಡೋಣ.

ಮುಂದಿನ ಬರಹದಾಗ ಹಿಂಗಾರಿ ಕಡ್ಲಿ ಬಗ್ಗೆ ಬರೀತೇನಿ.